ಎವಿಆರ್‌ಗೆ ಹಳೇ ಸ್ಟೀರಿಯೊ ಆಂಪ್ ಮತ್ತು 4 ಓಮ್ ಟವರ್ ಜೋಡಿಸಬೇಕು, ಯಾವ ವೈರ್ ಎಲ್ಲಿಗೆ?

ಹೊಸತಂತಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ನನ್ನ ಹತ್ತಿರ ಏನೇನು ಸಾಮಾನು ಇದೆ ಅಂತ ಹೇಳದೆ ಸುಮ್ನೆ ಕೇಳಿದರೆ ನಿಮಗೂ ಉತ್ತರ ಕೊಡೋದು ಕಷ್ಟ ಅಲ್ವಾ.

ಹೊಸದಾಗಿ ಒಂದು 7.2 ಚಾನೆಲ್ ಎವಿಆರ್ ತಂದಿದ್ದೇನೆ, ಅಂದರೆ ಸಿನಿಮಾ ಸದ್ದನ್ನು ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವ ಎವಿ ರಿಸೀವರ್ (7 ಸ್ಪೀಕರ್, 2 ಸಬ್‌ವೂಫರ್‌ಗೆ ಜಾಗ ಇರುವಂಥದ್ದು). ಅದಕ್ಕೂ ಮುಂಚೆ ಹತ್ತು ವರ್ಷದಿಂದ ಹಾಡು ಕೇಳುತ್ತಿದ್ದದ್ದು ಒಂದು ಸ್ಟೀರಿಯೊ ಇಂಟಿಗ್ರೇಟೆಡ್ ಆಂಪ್‌ನಲ್ಲಿ (ವಾಲ್ಯೂಮ್ ನಾಬ್, ಪವರ್ ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಆಂಪ್ಲಿಫೈಯರ್). ಅದರ ಜೊತೆ ಎರಡು ಟವರ್ ಸ್ಪೀಕರ್ ಇವೆ, ಹಿಂದೆ 4 ಓಮ್ ಅಂತ ಬರೆದಿದೆ. ಇದಲ್ಲದೆ ಹಳೇ ಡಿವಿಡಿ ಹೋಮ್ ಥಿಯೇಟರ್ ಸೆಟ್ ಒಂದಿದೆ. ಅದರ ಪ್ಲೇಯರ್ ಕೆಟ್ಟು ವರ್ಷಗಳಾದವು, ಆದರೆ 5 ಪುಟ್ಟ ಸ್ಪೀಕರ್‌ಗಳು ಮತ್ತು ಒಂದು ಸಬ್‌ವೂಫರ್ ಚೆನ್ನಾಗಿಯೇ ಇವೆ. ಸಬ್‌ಗೆ ಕರೆಂಟ್ ಪ್ಲಗ್ ಇಲ್ಲ, ಎರಡು ತಂತಿ ಮಾತ್ರ ಹೊರಗೆ ಬಂದಿವೆ.

ಟವರ್‌ಗಳಿಗೆ ನನ್ನ ಹಳೇ ಆಂಪೇ ಇರಲಿ ಅಂತ ಆಸೆ, ಅದರ ಸದ್ದು ನನ್ನ ಕಿವಿಗೆ ಒಗ್ಗಿಹೋಗಿದೆ. ಹಾಗಾಗಿ ರಿಸೀವರ್‌ನ ಫ್ರಂಟ್ ಸ್ಪೀಕರ್ ಟರ್ಮಿನಲ್‌ನಿಂದ ಒಂದು ವೈರ್ ತೆಗೆದು, ಅದರ ಇನ್ನೊಂದು ತುದಿಗೆ ಆರ್‌ಸಿಎ ಪಿನ್ (ಕೆಂಪು ಬಿಳಿ ಆಡಿಯೊ ಪ್ಲಗ್) ಬೆಸುಗೆ ಹಾಕಿ, ಹಳೇ ಆಂಪ್‌ನ ಆಕ್ಸ್ ಇನ್‌ಪುಟ್‌ಗೆ ಕೊಡೋಣ ಅಂದುಕೊಂಡಿದ್ದೇನೆ. ಸಬ್‌ನ ಎರಡು ತಂತಿಯನ್ನು ಕೂಡ ಹೀಗೇ ಪಿನ್‌ಗೆ ಹಾಕಿ ರಿಸೀವರ್‌ನ ಸಬ್ ಔಟ್‌ಗೆ. ಸರಿ ಇದೆಯಾ?

ಬೆಸುಗೆಕೈ:

ದಯವಿಟ್ಟು ಬೇಡ. ಬೆಸುಗೆ ಕಡ್ಡಿ ಕೆಳಗಿಡಿ, ಮೊದಲು ಇದನ್ನು ಓದಿ.

ನಾನು ಇದೇ ತಪ್ಪು ಮಾಡಿದ್ದೇನೆ, ಅದಕ್ಕೇ ಇಷ್ಟು ಗಾಬರಿ. ಕೆಲವು ವರ್ಷದ ಹಿಂದೆ ಒಂದು ಆಂಪ್‌ನ ಸ್ಪೀಕರ್ ಔಟ್ ತೆಗೆದು ಇನ್ನೊಂದರ ಲೈನ್ ಇನ್‌ಗೆ ಕೊಟ್ಟೆ. ವಾಲ್ಯೂಮ್ ಕಮ್ಮಿ ಇದ್ದಾಗ ಹಾಡು ಬಂತು, ಸ್ವಲ್ಪ ಒಡಕು ದನಿ ಅಷ್ಟೆ. ಖುಷಿಯಲ್ಲಿ ನಾಬ್ ಏರಿಸಿದೆ. ಆ ಇನ್‌ಪುಟ್ ಭಾಗ ಅವತ್ತಿಗೇ ಮುಗಿಯಿತು. ಎಡಗಡೆ ಚಾನೆಲ್ ಮತ್ತೆ ಬರಲೇ ಇಲ್ಲ.

ಯಾಕೆ ಅಂತ ಲೆಕ್ಕ ನೋಡಿ. 8 ಓಮ್ ಸ್ಪೀಕರ್‌ಗೆ 100 ವ್ಯಾಟ್ ಕೊಡುವಾಗ ಸ್ಪೀಕರ್ ಟರ್ಮಿನಲ್‌ನಲ್ಲಿ ಸುಮಾರು 28 ವೋಲ್ಟ್ ಇರುತ್ತದೆ. ಆಕ್ಸ್ ಇನ್‌ಪುಟ್ ಎದುರು ನೋಡುವುದು 1 ರಿಂದ 2 ವೋಲ್ಟ್ ಮಾತ್ರ. ಸಿಡಿ ಪ್ಲೇಯರ್ ಕೂಡ ಹೆಚ್ಚೆಂದರೆ 2 ವೋಲ್ಟ್ ಕೊಡುತ್ತದೆ. ಹತ್ತು ಹದಿನೈದು ಪಟ್ಟು ಹೆಚ್ಚಿನದನ್ನು ಅದರ ಬಾಯಿಗೆ ತುರುಕಿದರೆ ಏನಾಗುತ್ತದೆ ಹೇಳಿ.

ಇನ್ನೊಂದು ಅಪಾಯವೂ ಇದೆ. ಆರ್‌ಸಿಎ ಪಿನ್‌ನ ಹೊರಗಿನ ಉಂಗುರ ಆಂಪ್‌ನ ಗ್ರೌಂಡ್‌ಗೆ ಹೋಗಿರುತ್ತದೆ. ಈಗಿನ ಎಷ್ಟೋ ಕ್ಲಾಸ್ ಡಿ ಆಂಪ್‌ಗಳಲ್ಲಿ ಸ್ಪೀಕರ್‌ನ ಕಪ್ಪು ಟರ್ಮಿನಲ್ ಗ್ರೌಂಡ್ ಆಗಿರುವುದಿಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಅದನ್ನು ಗ್ರೌಂಡ್‌ಗೆ ಮುಟ್ಟಿಸಿದರೆ ಈ ಸಲ ಸಾಯುವುದು ಹೊಸ ರಿಸೀವರ್.

ಸ್ಪೀಕರ್ ಟರ್ಮಿನಲ್‌ನಿಂದ ಹೊರಟ ತಂತಿ ಸ್ಪೀಕರ್‌ಗೇ ಹೋಗಬೇಕು. ಒಂದು ಆಂಪ್‌ನಿಂದ ಇನ್ನೊಂದು ಆಂಪ್‌ಗೆ ಹೋಗಬೇಕಾದರೆ ಅದಕ್ಕೆ ಪ್ರಿ ಔಟ್ ಅಂತ ಬೇರೆ ದಾರಿ ಇದೆ, ಪವರ್ ಆಂಪ್ ಭಾಗಕ್ಕೆ ಹೋಗುವ ಮುಂಚಿನ ಕಮ್ಮಿ ವೋಲ್ಟ್ ಸಿಗ್ನಲ್ ಅಲ್ಲಿ ಸಿಗುತ್ತದೆ. ನಿಮ್ಮ ರಿಸೀವರ್‌ನ ಹಿಂದೆ ಆರ್‌ಸಿಎ ತೂತುಗಳ ಪಕ್ಕ ಪ್ರಿ ಔಟ್, ಫ್ರಂಟ್ ಅಂತ ಬರೆದಿದೆಯಾ ನೋಡಿ ಹೇಳಿ. ಸಬ್‌ನ ಪ್ರಿ ಔಟ್ ಎಲ್ಲದರಲ್ಲೂ ಇರುತ್ತದೆ, ಫ್ರಂಟ್‌ನದ್ದು ಎಲ್ಲ ಮಾಡೆಲ್‌ನಲ್ಲೂ ಇರುವುದಿಲ್ಲ.

ಹೊಸತಂತಿ:

ಅಯ್ಯೋ, ಕೇಳಿದ್ದು ಒಳ್ಳೇದಾಯಿತು ಸರ್. ಟಾರ್ಚ್ ಹಾಕಿ ನೋಡಿದೆ. ಪ್ರಿ ಔಟ್ ಕೆಳಗೆ ಫ್ರಂಟ್‌ಗೆ ಕೆಂಪು ಬಿಳಿ ಎರಡು ತೂತು, ಸಬ್‌ಗೆ ಕಪ್ಪು ಎರಡು. ಬೇರೆ ಚಾನೆಲ್‌ಗಳಿಗೆ ಇಲ್ಲ.

ಆದರೆ ನನ್ನ ಹಳೇದು ಬರೀ ಪವರ್ ಆಂಪ್ ಅಲ್ಲವಲ್ಲ, ಅದಕ್ಕೆ ಅದರದ್ದೇ ವಾಲ್ಯೂಮ್ ನಾಬ್ ಇದೆ. ಎರಡು ವಾಲ್ಯೂಮ್ ಒಂದರ ಹಿಂದೆ ಒಂದು ಬಂದರೆ ಗಲಾಟೆ ಆಗುವುದಿಲ್ಲವಾ?

ತಾಳಮೇಳ:

ಆಗುತ್ತದೆ, ಆದರೆ ಸರಿ ಮಾಡಬಹುದು. ನಮ್ಮ ಮನೆಯಲ್ಲಿ 6 ವರ್ಷದಿಂದ ಇದೇ ಜೋಡಣೆ ಇದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಆಂಪ್‌ನ ಹಿಂದೆ ಮೇನ್ ಇನ್, ಪವರ್ ಆಂಪ್ ಇನ್, ಎಚ್‌ಟಿ ಬೈಪಾಸ್, ಪವರ್ ಆಂಪ್ ಡೈರೆಕ್ಟ್ ಇಂಥ ಯಾವುದಾದರೂ ಹೆಸರಿನ ಇನ್‌ಪುಟ್ ಇದೆಯಾ ನೋಡಿ. ಇದ್ದರೆ ನೀವು ಪುಣ್ಯವಂತರು. ಅದರಲ್ಲಿ ಸಿಗ್ನಲ್ ವಾಲ್ಯೂಮ್ ನಾಬ್‌ನ ಹತ್ತಿರ ಹೋಗದೆ ನೇರ ಪವರ್ ಆಂಪ್ ಭಾಗಕ್ಕೆ ಹೋಗುತ್ತದೆ. ಆಮೇಲೆ ಸಿನಿಮಾ ನೋಡುವಾಗ ರಿಸೀವರ್‌ನ ರಿಮೋಟ್ ಒಂದೇ ಸಾಕು. ಕೆಲವು ಹಳೇ ಆಂಪ್‌ಗಳಲ್ಲಿ ಪ್ರಿ ಔಟ್ ಮತ್ತು ಮೇನ್ ಇನ್ ತೂತುಗಳ ನಡುವೆ ಒಂದು ಲೋಹದ ಕೊಂಡಿ ಇರುತ್ತದೆ, ಅದನ್ನು ಕಿತ್ತು ಮೇನ್ ಇನ್‌ಗೆ ರಿಸೀವರ್ ವೈರ್ ಹಾಕಬೇಕು. ಕೊಂಡಿ ಕಳೆಯಬೇಡಿ, ಮುಂದೆ ಆಂಪನ್ನು ಒಂಟಿಯಾಗಿ ಬಳಸಬೇಕಾದರೆ ಅದು ಬೇಕೇ ಬೇಕು.

ಅಂಥದ್ದೇನೂ ಇಲ್ಲದಿದ್ದರೆ ಆಕ್ಸ್‌ಗೆ ಕೊಡಿ, ವಾಲ್ಯೂಮ್ ನಾಬ್ ಅನ್ನು ಒಂದು ಜಾಗದಲ್ಲಿ ನಿಲ್ಲಿಸಿ ಗುರುತು ಮಾಡಿ. ಮೈಕ್ ಇಟ್ಟು ರಿಸೀವರ್‌ನ ಕ್ಯಾಲಿಬ್ರೇಶನ್ (ಪ್ರತಿ ಸ್ಪೀಕರ್‌ನ ಸದ್ದು ಅಳೆದು ಸರಿಹೊಂದಿಸುವುದು) ಓಡಿಸುವಾಗ ನಾಬ್ ಎಲ್ಲಿತ್ತೋ, ಪ್ರತಿ ಸಲ ಸಿನಿಮಾ ನೋಡುವಾಗ ಅಲ್ಲೇ ಇರಬೇಕು. ಒಂದು ಕೂದಲೆಳೆ ಆಚೀಚೆ ಆದರೂ ಮುಂದಿನ ಎರಡು ಸ್ಪೀಕರ್‌ಗೂ ಉಳಿದವಕ್ಕೂ ಇರುವ ಹೊಂದಾಣಿಕೆ ಕೆಡುತ್ತದೆ. ನಾನು ನಾಬ್ ಮೇಲೂ ಪ್ಯಾನೆಲ್ ಮೇಲೂ ಬಿಳಿ ಬಣ್ಣದಲ್ಲಿ ಒಂದೊಂದು ಚುಕ್ಕಿ ಇಟ್ಟಿದ್ದೇನೆ. ಬೇಸ್, ಟ್ರೆಬಲ್, ಲೌಡ್‌ನೆಸ್ ಬಟನ್ ಎಲ್ಲ ಆಫ್ ಅಥವಾ ಮಧ್ಯದಲ್ಲಿ ಇರಲಿ.

ನಾಬ್ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ರಿಸೀವರೇ ಹೇಳುತ್ತದೆ. ಕ್ಯಾಲಿಬ್ರೇಶನ್ ಮುಗಿದ ಮೇಲೆ ಸ್ಪೀಕರ್ ಲೆವೆಲ್ ಪಟ್ಟಿ ತೆಗೆಯಿರಿ. ಹೆಚ್ಚಿನ ರಿಸೀವರ್‌ಗಳಲ್ಲಿ ಅದು −12 ರಿಂದ +12 ಡಿಬಿವರೆಗೆ (ಡೆಸಿಬೆಲ್, ಸದ್ದಿನ ಅಳತೆ) ಮಾತ್ರ ಓಡಾಡುತ್ತದೆ. ಫ್ರಂಟ್ ಎರಡೂ −12 ಅಂತ ತೋರಿಸಿದರೆ ಅದು ತಳ ಮುಟ್ಟಿದೆ ಅಂತ ಅರ್ಥ, ನಿಜವಾಗಿ ಎಷ್ಟು ಇಳಿಸಬೇಕಿತ್ತೋ ಗೊತ್ತಾಗುವುದಿಲ್ಲ. ಆಂಪ್ ನಾಬ್ ಇಳಿಸಿ ಮತ್ತೆ ಓಡಿಸಿ. 0 ಹತ್ತಿರ ಬಂದರೆ ತುಂಬಾ ಒಳ್ಳೇದು, −5 ಆದರೂ ಏನೂ ತೊಂದರೆ ಇಲ್ಲ.

ಒಂದು ಎಚ್ಚರಿಕೆ. ನಾಬ್ ಅರ್ಧಕ್ಕೆ ಇದ್ದಾಗ ಯಾರಾದರೂ ಆಂಪ್ ಅನ್ನು ಸಿಡಿ ಇನ್‌ಪುಟ್‌ಗೆ ತಿರುಗಿಸಿದರೆ ಹಾಡು ಒಮ್ಮೆಲೇ ಜೋರಾಗಿ ಬಡಿಯುತ್ತದೆ. ಮನೆಯವರಿಗೆಲ್ಲ ಹೇಳಿಡಿ.

ನೇರಮಾತು:

ಮೇಡಂ ಹೇಳಿದ್ದು ಎಲ್ಲ ಸರಿ. ಆದರೆ ನಾನು ಇನ್ನೂ ಹಿಂದಿನ ಪ್ರಶ್ನೆ ಕೇಳುತ್ತೇನೆ: ಆಂಪ್ ಬೇಕೇ? ಟವರ್‌ಗಳನ್ನು ನೇರ ರಿಸೀವರ್‌ಗೇ ಹಾಕಿ ಒಂದು ವಾರ ಕೇಳಿ ನೋಡಿ.

ಹೊರಗಿನ ಆಂಪ್ ಹಾಕಿದರೆ ಸದ್ದು ಎರಡು ಪಟ್ಟು ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ವ್ಯಾಟ್ ಎರಡು ಪಟ್ಟು ಆದರೆ ಸದ್ದು ಏರುವುದು 3 ಡಿಬಿ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡಿಬಿ ಬೇಕು, ಅಂದರೆ 10 ಪಟ್ಟು ವ್ಯಾಟ್. 100 ವ್ಯಾಟ್ ರಿಸೀವರ್ ಬಿಟ್ಟು 130 ವ್ಯಾಟ್ ಆಂಪ್ ಹಾಕಿದರೆ ಸಿಗುವ ಲಾಭ 1 ಡಿಬಿ ಚಿಲ್ಲರೆ. 88 ಡಿಬಿ ಸೆನ್ಸಿಟಿವಿಟಿ ಇರುವ ಸ್ಪೀಕರ್ 1 ಮೀಟರ್ ದೂರದಲ್ಲಿ 1 ವ್ಯಾಟ್‌ಗೇ 88 ಡಿಬಿ ಕೊಡುತ್ತದೆ, 10 ವ್ಯಾಟ್‌ಗೆ 98. ದಿನಾ ಕೇಳುವ ಮಟ್ಟದಲ್ಲಿ ನಾವು ಬಳಸುವುದು ಬೆರಳೆಣಿಕೆಯ ವ್ಯಾಟ್.

ಬೆಸುಗೆಕೈ:

ನೇರಮಾತು ಸರ್, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇವರ ಟವರ್ 4 ಓಮ್. ಅದೇ ಇಲ್ಲಿ ಮುಖ್ಯ.

ಓಮ್ ಕಮ್ಮಿ ಆದಷ್ಟೂ ಸ್ಪೀಕರ್ ಎಳೆಯುವ ಕರೆಂಟ್ ಜಾಸ್ತಿ. 4 ಓಮ್ ಅನ್ನುವುದು ಒಂದು ಅಂದಾಜು ಬೆಲೆ ಅಷ್ಟೆ, ಕೆಲವು ಸ್ವರಗಳಲ್ಲಿ ಅದು 3 ಓಮ್‌ವರೆಗೂ ಇಳಿಯಬಹುದು. ರಿಸೀವರ್ ಡಬ್ಬಿ ಮೇಲೆ ಬರೆದ ವ್ಯಾಟ್ ಸಾಮಾನ್ಯವಾಗಿ ಎರಡೇ ಚಾನೆಲ್ ಓಡಿಸಿ ಅಳೆದದ್ದು. 7 ಚಾನೆಲ್‌ಗೂ ಒಂದೇ ಪವರ್ ಸಪ್ಲೈ, ಒಂದೇ ಹೀಟ್ ಸಿಂಕ್. ಸಿನಿಮಾದಲ್ಲಿ ದೊಡ್ಡ ದೃಶ್ಯ ಬಂದು ಎಲ್ಲ ಚಾನೆಲ್ ಒಟ್ಟಿಗೆ ಕೇಳಿದಾಗ ಹೆಚ್ಚು ಎಳೆಯುವುದು ಈ ಟವರ್‌ಗಳೇ. ಅವನ್ನು ಬೇರೆ ಆಂಪ್‌ಗೆ ದಾಟಿಸಿದರೆ ರಿಸೀವರ್ ತಣ್ಣಗಿರುತ್ತದೆ, ಉಳಿದ ಚಾನೆಲ್‌ಗೆ ಉಸಿರು ಸಿಗುತ್ತದೆ. ಸದ್ದು ಜೋರಾಗಲಿ ಅಂತ ನಾನು ಇದನ್ನು ಹೇಳುತ್ತಿಲ್ಲ.

ಹೊಸತಂತಿ ಅವರೇ, ಎರಡು ಕಡೆ ನೋಡಿ. ರಿಸೀವರ್‌ನ ಹಿಂದೆ ಸ್ಪೀಕರ್ ಟರ್ಮಿನಲ್ ಪಕ್ಕ ಎಷ್ಟು ಓಮ್‌ನಿಂದ ಎಷ್ಟು ಅಂತ ಬರೆದಿದೆ, ಹಳೇ ಆಂಪ್‌ನ ಹಿಂದೆ ಏನು ಬರೆದಿದೆ.

ಹೊಸತಂತಿ:

ರಿಸೀವರ್‌ನಲ್ಲಿ 6–16 ಓಮ್. ಹಳೇ ಆಂಪ್‌ನಲ್ಲಿ ಎ ಅಥವಾ ಬಿ ಒಂದೇ ಆದರೆ 4 ಓಮ್‌ನಿಂದ, ಎ+ಬಿ ಆದರೆ 8 ಓಮ್‌ನಿಂದ ಅಂತ ಇದೆ. ಮೇನ್ ಇನ್ ಇಲ್ಲ, ಆಕ್ಸ್ ಮಾತ್ರ.

ರಿಸೀವರ್ ಮೆನುವಿನಲ್ಲಿ ಇಂಪೀಡೆನ್ಸ್ ಅಂತ ಒಂದು ಆಯ್ಕೆ ಇದೆ, 8 ಅಥವಾ 4. ಅದನ್ನು 4 ಮಾಡಿದರೆ ಆಯಿತಲ್ಲ?

ನೇರಮಾತು:

6–16 ಅಂತ ಇದ್ದರೆ ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಟವರ್ ಹಳೇ ಆಂಪ್‌ನಲ್ಲೇ ಇರಲಿ, ಎ ಟರ್ಮಿನಲ್‌ಗೆ ಮಾತ್ರ ಹಾಕಿ. ಎ+ಬಿ ಒತ್ತಿದರೆ ಎರಡು ಜೋಡಿ ಸ್ಪೀಕರ್ ಪ್ಯಾರಲಲ್ ಆಗುತ್ತವೆ, ಅಂದರೆ ಒಂದೇ ಔಟ್‌ಪುಟ್‌ಗೆ ಅಕ್ಕಪಕ್ಕ ಸೇರಿ ಓಮ್ ಅರ್ಧಕ್ಕೆ ಇಳಿಯುತ್ತದೆ: 4 ಮತ್ತು 4 ಸೇರಿ 2 ಓಮ್.

ಆ ಮೆನು ಆಯ್ಕೆ ಹೆಚ್ಚಿನ ರಿಸೀವರ್‌ಗಳಲ್ಲಿ ಒಳಗಿನ ಆಂಪ್‌ಗೆ ಹೋಗುವ ವೋಲ್ಟೇಜನ್ನೇ ಇಳಿಸುತ್ತದೆ. ಬಿಸಿ ಕಮ್ಮಿ, ಜೊತೆಗೆ ವ್ಯಾಟ್ ಕೂಡ ಕಮ್ಮಿ. ಕೆಲವರು ಅದನ್ನು ಮುಟ್ಟಲೇಬಾರದು ಅನ್ನುತ್ತಾರೆ. ನನ್ನ ಅಭಿಪ್ರಾಯ: ಕೈಪಿಡಿ ಏನು ಹೇಳುತ್ತದೋ ಹಾಗೆ ಮಾಡಿ, ಬಿಸಿಯಾಗಿ ಸುಡುವುದಕ್ಕಿಂತ ಒಂದೆರಡು ಡಿಬಿ ಕಳೆದುಕೊಳ್ಳುವುದು ವಾಸಿ. ಟವರ್ ರಿಸೀವರ್‌ನಲ್ಲೇ ಇಲ್ಲದಿದ್ದರೆ ಅದರ ಮಾತೇ ಬರುವುದಿಲ್ಲ ಬಿಡಿ.

ಸಂಜೆಕಿವಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ಥರದ ಪ್ರಶ್ನೆ. ಸಿನಿಮಾಕ್ಕೆ ರಿಸೀವರ್, ಹಾಡಿಗೆ ಸ್ಟೀರಿಯೊ ಆಂಪ್, ಸ್ಪೀಕರ್ ಒಂದೇ ಜೋಡಿ. ಎರಡರ ಸ್ಪೀಕರ್ ವೈರನ್ನೂ ಒಂದೇ ಸ್ಪೀಕರ್ ಟರ್ಮಿನಲ್‌ಗೆ ಸೇರಿಸಿ, ಬೇಕಾದಾಗ ಬೇಕಾದ್ದನ್ನು ಮಾತ್ರ ಆನ್ ಮಾಡಿದರೆ?

ಬೆಸುಗೆಕೈ:

ಖಂಡಿತ ಬೇಡ. ಒಂದು ಆಫ್ ಇದ್ದರೂ ಬೇಡ. ಆನ್ ಇರುವ ಆಂಪ್‌ನ ವೋಲ್ಟೇಜ್ ಪೂರ್ತಿ ಆಫ್ ಇರುವುದರ ಔಟ್‌ಪುಟ್ ಮೇಲೆ ಬೀಳುತ್ತದೆ. ಮರೆತು ಎರಡೂ ಆನ್ ಆದರೆ ಎರಡೂ ಹೋಗಬಹುದು.

ಎರಡು ಆಂಪ್‌ಗೆ ಒಂದು ಜೋಡಿ ಸ್ಪೀಕರ್ ಅಂತ ಸೆಲೆಕ್ಟರ್ ಸ್ವಿಚ್ ಸಿಗುತ್ತದೆ. ಒಂದನ್ನು ಪೂರ್ತಿ ಬಿಡಿಸಿದ ಮೇಲೆಯೇ ಇನ್ನೊಂದಕ್ಕೆ ಮುಟ್ಟುವ ಥರದ್ದೇ ತೆಗೆದುಕೊಳ್ಳಿ, ಕೆಂಪು ಕಪ್ಪು ಎರಡೂ ತಂತಿ ಬಿಡಿಸುವಂಥದ್ದು. ಆದರೆ ಪ್ರಿ ಔಟ್ ಇದ್ದರೆ ಅದೂ ಬೇಡ, ಮೇಲೆ ತಾಳಮೇಳ ಅವರು ಹೇಳಿದ ದಾರಿಯೇ ಚೆಂದ. ಸ್ಪೀಕರ್ ಯಾವಾಗಲೂ ಸ್ಟೀರಿಯೊ ಆಂಪ್‌ನಲ್ಲೇ. ಹಾಡು ಕೇಳುವಾಗ ರಿಸೀವರ್ ಆನ್ ಮಾಡುವ ಅಗತ್ಯವೇ ಇಲ್ಲ.

ಸಂಜೆಕಿವಿ:

ಅರ್ಥವಾಯಿತು, ಧನ್ಯವಾದ. ಇನ್ನೊಂದೇ ಒಂದು. ಒಂದು ಪ್ರಿ ಔಟ್‌ನಿಂದ ವೈ ಕೇಬಲ್ ಹಾಕಿ ಎರಡು ಆಂಪ್‌ಗೆ ಕೊಡಬಹುದಾ?

ನೇರಮಾತು:

ಕೊಡಬಹುದು. ಒಂದು ಔಟ್‌ನಿಂದ ಎರಡು ಇನ್‌ಗೆ ಹಂಚಿದರೆ ತೊಂದರೆ ಇಲ್ಲ. ಎರಡು ಔಟನ್ನು ವೈ ಕೇಬಲ್‌ನಲ್ಲಿ ಸೇರಿಸಿ ಒಂದು ಇನ್‌ಗೆ ಕೊಡುವುದು ತಪ್ಪು.

ಹೊಸತಂತಿ:

ಈಗ ಸಬ್ ಮತ್ತು ಪುಟ್ಟ ಸ್ಪೀಕರ್‌ಗಳ ವಿಷಯ ಹೇಳಿ. ಪುಟ್ಟವುಗಳ ಹಿಂದೆ 3 ಓಮ್ ಅಂತ ಇದೆ. ಅವಕ್ಕೆ ಬಣ್ಣದ ಪ್ಲಾಸ್ಟಿಕ್ ಪ್ಲಗ್ ಇದೆ, ರಿಸೀವರ್‌ಗೆ ಕೂರುವುದಿಲ್ಲ.

ತಾಳಮೇಳ:

ಸಬ್ ಮೊದಲು. ನಿಮ್ಮದು ಪ್ಯಾಸಿವ್ ಸಬ್, ಒಳಗೆ ಆಂಪ್ ಇಲ್ಲ. ಹಳೇ ಸೆಟ್‌ನಲ್ಲಿ ಆ ಪ್ಲೇಯರ್ ಡಬ್ಬಿಯೊಳಗೇ ಅದಕ್ಕೆ ಆಂಪ್ ಇತ್ತು, ಅದು ಸತ್ತುಹೋಯಿತು. ರಿಸೀವರ್‌ನ ಸಬ್ ಔಟ್ ಕೂಡ ಒಂದು ಪ್ರಿ ಔಟ್, ಅದರಲ್ಲಿ ಸ್ಪೀಕರ್ ಓಡಿಸುವ ಶಕ್ತಿ ಇಲ್ಲ. ಜೋಡಿಸಿದರೆ ಕಿವಿ ಇಟ್ಟು ಕೇಳಿದರೂ ಏನೂ ಬರುವುದಿಲ್ಲ. ಅದಕ್ಕೊಂದು ಬೇರೆ ಆಂಪ್ ಹುಡುಕುವ ಬದಲು ಮುಂದೆ ಯಾವತ್ತಾದರೂ ಆಕ್ಟಿವ್ ಸಬ್ ತೆಗೆದುಕೊಳ್ಳಿ. ಆವಾಗ ಒಂದೇ ಒಂದು ಆರ್‌ಸಿಎ ಕೇಬಲ್ ಸಾಕು. ಸಬ್ ಮೇಲಿನ ಕ್ರಾಸೋವರ್ ನಾಬನ್ನು (ಎಷ್ಟು ಹರ್ಟ್ಸ್‌ವರೆಗಿನ ತಗ್ಗು ಸ್ವರ ಸಬ್‌ಗೆ ಅಂತ ಕತ್ತರಿಸುವುದು) ಕೊನೆಯವರೆಗೆ, ಅಂದರೆ ಅತಿ ಹೆಚ್ಚಿಗೆ ತಿರುಗಿಸಿಡಿ, ಎಲ್‌ಎಫ್‌ಇ (ಸಿನಿಮಾದ ತಗ್ಗು ಸ್ವರದ ಚಾನೆಲ್) ಇನ್‌ಪುಟ್ ಇದ್ದರೆ ಅದಕ್ಕೇ ಹಾಕಿ. ಕತ್ತರಿಸುವ ಕೆಲಸ ರಿಸೀವರ್ ಮಾಡಲಿ, ಎರಡು ಕಡೆ ಎರಡು ಸಲ ಬೇಡ.

ಅಲ್ಲಿವರೆಗೆ ರಿಸೀವರ್ ಮೆನುವಿನಲ್ಲಿ ಸಬ್‌ವೂಫರ್ ಇಲ್ಲ ಅಂತ ಹೇಳಿಬಿಡಿ. ಆಗ ಫ್ರಂಟ್ ತಾನೇ ಲಾರ್ಜ್ (ತಗ್ಗು ಸ್ವರವನ್ನೂ ತಾನೇ ನುಡಿಸುವ ಸೆಟ್ಟಿಂಗ್) ಆಗುತ್ತದೆ, ಸಬ್‌ಗೆ ಹೋಗಬೇಕಾದ ತಗ್ಗು ಸ್ವರವೆಲ್ಲ ಟವರ್‌ಗೆ ಬರುತ್ತದೆ. ಇದನ್ನು ಮರೆತು ಸಬ್ ಇದೆ ಅಂತ ಬಿಟ್ಟರೆ ಆ ಸ್ವರಗಳು ಖಾಲಿ ತೂತಿಗೆ ಹೋಗಿ ಮಾಯ. ಸಿನಿಮಾದಲ್ಲಿ ಗುಡುಗೇ ಇಲ್ಲ ಅಂತ ಗೋಳಾಡುವವರಲ್ಲಿ ಎಷ್ಟೋ ಜನರ ಸಮಸ್ಯೆ ಇದೇ.

ಬೆಸುಗೆಕೈ:

3 ಓಮ್ ಪುಟ್ಟವುಗಳನ್ನು ಒಂದೊಂದಾಗಿ 6 ಓಮ್ ರಿಸೀವರ್‌ಗೆ ಹಾಕುವುದು ನನಗೆ ಇಷ್ಟವಿಲ್ಲ. ಕಮ್ಮಿ ಸದ್ದಿನಲ್ಲಿ ನಡೆಯುತ್ತದೆ, ಜೋರು ಮಾಡಿದರೆ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುತ್ತದೆ. ಹೀಗೆ ಮಾಡಿ: ಎಡ ಸರೌಂಡ್‌ಗೆ (ಹಿಂದಿನ ಎಡ ಚಾನೆಲ್) ಎರಡು ಸ್ಪೀಕರ್ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು, ಬಲಕ್ಕೂ ಎರಡು. ರಿಸೀವರ್‌ನ ಕೆಂಪಿನಿಂದ ಮೊದಲ ಸ್ಪೀಕರ್‌ನ ಪ್ಲಸ್, ಅದರ ಮೈನಸ್‌ನಿಂದ ಎರಡನೆಯದರ ಪ್ಲಸ್, ಎರಡನೆಯದರ ಮೈನಸ್‌ನಿಂದ ರಿಸೀವರ್‌ನ ಕಪ್ಪಿಗೆ. 3 ಮತ್ತು 3 ಸೇರಿ 6 ಓಮ್. ಎರಡೂ ಒಂದೇ ಥರದ ಸ್ಪೀಕರ್ ಆಗಿರುವುದರಿಂದ ಸೀರೀಸ್‌ನಲ್ಲಿ ತೊಂದರೆ ಇಲ್ಲ. ಎರಡನ್ನೂ ಒಂದರ ಪಕ್ಕ ಒಂದು ಇಡಿ, ದೂರ ದೂರ ಬೇಡ.

ಪ್ಲಗ್ ಕತ್ತರಿಸಿ ಬಿಸಾಕಿ. ಇನ್ಸುಲೇಶನ್ ಒಂದು ಸೆಂಟಿಮೀಟರ್ ಮಾತ್ರ ಸುಲಿಯಿರಿ. ಎಳೆಗಳನ್ನು ಬಿಗಿಯಾಗಿ ಹೊಸೆದು ಟರ್ಮಿನಲ್‌ನ ತೂತಿಗೆ ತೂರಿಸಿ. ಒಂದು ಎಳೆ ಹೊರಗೆ ಚಾಚಿ ಪಕ್ಕದ ಟರ್ಮಿನಲ್‌ಗೆ ಮುಟ್ಟಿದರೂ ಸಾಕು, ರಿಸೀವರ್ ಆನ್ ಆಗುವುದಿಲ್ಲ. ಕೈ ನಡುಗುವವರಿಗೆ ಬನಾನಾ ಪ್ಲಗ್ ಒಳ್ಳೇದು. ಇದೆಲ್ಲ ಮಾಡುವಾಗ ಎರಡೂ ಪೆಟ್ಟಿಗೆಯ ಪ್ಲಗ್ ಗೋಡೆಯಿಂದ ಕಿತ್ತಿರಬೇಕು.

ತಾಳಮೇಳ:

ಐದನೆಯ ಪುಟ್ಟದನ್ನು ಸೆಂಟರ್ ಮಾಡುವ ಆಸೆ ಬಿಡಿ. ಮಾತೆಲ್ಲ ಸೆಂಟರ್‌ನಿಂದ ಬರುತ್ತದೆ. ದೊಡ್ಡ ಟವರ್‌ಗಳ ನಡುವೆ ಅಂಗೈ ಅಗಲದ ಸ್ಪೀಕರ್ ಇಟ್ಟರೆ ಮನುಷ್ಯರ ದನಿ ಡಬ್ಬಿಯೊಳಗಿಂದ ಬಂದ ಹಾಗಿರುತ್ತದೆ. ಸೆಂಟರ್ ಇಲ್ಲ ಅಂತ ಮೆನುವಿನಲ್ಲಿ ಹಾಕಿ. ರಿಸೀವರ್ ಆ ಮಾತನ್ನು ಎರಡು ಟವರ್‌ಗೂ ಸಮವಾಗಿ ಹಂಚುತ್ತದೆ, ನಡುವೆ ಕೂತವರಿಗೆ ಪರದೆಯ ಮಧ್ಯದಿಂದಲೇ ಕೇಳಿಸುತ್ತದೆ. ಪಕ್ಕಕ್ಕೆ ಕೂತವರಿಗೆ ಮಾತ್ರ ಸ್ವಲ್ಪ ಆ ಕಡೆಗೆ ವಾಲುತ್ತದೆ.

ಹೊಸತಂತಿ:

ಇಷ್ಟು ಸುಲಭವಾಗಿ ಯಾರೂ ಹೇಳಿರಲಿಲ್ಲ. ವೈರ್ ಯಾವ ದಪ್ಪ? ಟವರ್‌ಗೆ 3 ಮೀಟರ್, ಹಿಂದಿನ ಸರೌಂಡ್‌ಗೆ ಗೋಡೆ ಸುತ್ತಿ ಹೋದರೆ 10 ಮೀಟರ್ ಬೇಕು. ಅಂಗಡಿಯವರು ಆಮ್ಲಜನಕ ರಹಿತ ತಾಮ್ರ, ಬೆಳ್ಳಿ ಲೇಪನ ಅಂತ ಏನೇನೋ ಹೇಳಿದರು.

ನೇರಮಾತು:

ತಾಮ್ರ ಆಗಿದ್ದರೆ ಸಾಕು. ಉದ್ದಕ್ಕೆ ತಕ್ಕ ದಪ್ಪ ಇರಬೇಕು. ವೈರ್‌ನ ರೆಸಿಸ್ಟೆನ್ಸ್ ಸ್ಪೀಕರ್ ಓಮ್‌ನ ನೂರಕ್ಕೆ 5 ದಾಟದಂತೆ ನೋಡಿಕೊಳ್ಳಿ. ಹೋಗುವ ತಂತಿ ಬರುವ ತಂತಿ ಎರಡನ್ನೂ ಎಣಿಸಬೇಕು, 10 ಮೀಟರ್ ಅಂದರೆ 20 ಮೀಟರ್ ತಾಮ್ರ. 1.5 ಚದರ ಮಿಲಿಮೀಟರ್ ವೈರ್ ಆದರೆ ಅದು ಸುಮಾರು 0.23 ಓಮ್, 2.5 ಆದರೆ 0.14. ನಿಮ್ಮ ಸರೌಂಡ್ 6 ಓಮ್, ಮಿತಿ 0.3. ಹಾಗಾಗಿ 1.5 ಸಾಕು. ಟವರ್ 4 ಓಮ್, ಮಿತಿ 0.2, ಆದರೆ ದೂರ ಬರೀ 3 ಮೀಟರ್. 1.5 ರಲ್ಲಿ 0.07 ಬರುತ್ತದೆ. ಎಲ್ಲದಕ್ಕೂ ಒಂದೇ ಸುರುಳಿ ತನ್ನಿ.

ಒಂದೇ ಒಂದು ಪರೀಕ್ಷೆ ಮಾಡಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಬಹಳ ಓಡಾಡುತ್ತಿದೆ, ಅದೇ ದಪ್ಪಕ್ಕೆ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆಯಿರಿ. ಹೊರಗೆ ಕೆಂಪಾಗಿದ್ದು ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ.

ಹೊಸತಂತಿ:

ಭಾನುವಾರ ಪೂರ್ತಿ ಕೂತು ಜೋಡಿಸಿದೆ. ಆನ್ ಮಾಡಿದೆ. ಎಲ್ಲ ಸ್ಪೀಕರ್‌ನಲ್ಲೂ ಸದ್ದು ಬಂತು, ಖುಷಿಯಲ್ಲಿ ಕುಣಿಯುವಷ್ಟು ಆಯಿತು. ಆದರೆ ಟವರ್‌ಗಳಿಂದ ಗುಂಯ್ ಅಂತ ಒಂದೇ ಸಮ ಸದ್ದು. ಏನೂ ಹಾಕದಿದ್ದರೂ ಇದೆ. ರಿಸೀವರ್ ವಾಲ್ಯೂಮ್ ಸೊನ್ನೆ ಮಾಡಿದರೂ ಇದೆ. ಮೊದಲು ಆಂಪ್ ಒಂಟಿಯಾಗಿದ್ದಾಗ ಇರಲಿಲ್ಲ. ಎರಡು ಗಂಟೆಯಿಂದ ತಲೆ ಕೆಟ್ಟುಹೋಗಿದೆ.

ಬೆಸುಗೆಕೈ:

ಇದು ಗ್ರೌಂಡ್ ಲೂಪ್ ಇರಬೇಕು. ಎರಡು ಪೆಟ್ಟಿಗೆಗಳು ಆರ್‌ಸಿಎ ಕೇಬಲ್‌ನಿಂದಲೂ ಸೇರಿವೆ, ಬೇರೆ ಯಾವುದೋ ದಾರಿಯಿಂದಲೂ ನೆಲಕ್ಕೆ ಸೇರಿವೆ. ಆ ಸುತ್ತಿನಲ್ಲಿ ಹರಿಯುವ ಚೂರು ಕರೆಂಟ್ ನಿಮಗೆ 50 ಅಥವಾ 60 ಹರ್ಟ್ಸ್‌ನ ಗುಂಯ್ ಆಗಿ ಕೇಳುತ್ತಿದೆ.

ಹುಡುಕುವುದು ಹೀಗೆ. ಪ್ರತಿ ಸಲ ವೈರ್ ಕೀಳುವ ಮೊದಲು ಆಂಪ್ ಆಫ್ ಮಾಡಿ. ಮೊದಲು ಆಂಪ್‌ನ ಆಕ್ಸ್‌ನಿಂದ ಆರ್‌ಸಿಎ ಕಿತ್ತು ಕೇಳಿ. ಸದ್ದು ನಿಂತರೆ ಆಂಪ್ ಸರಿ ಇದೆ. ಮತ್ತೆ ಹಾಕಿ. ಈಗ ರಿಸೀವರ್‌ಗೆ ಬಂದಿರುವ ವೈರ್‌ಗಳನ್ನು ಒಂದೊಂದಾಗಿ ಕೀಳಿ, ಎಚ್‌ಡಿಎಂಐ, ಎಫ್‌ಎಂ ಆಂಟೆನಾ, ಎಲ್ಲ. ಟಿವಿಗೆ ಬರುವ ಕೇಬಲ್ ಅಥವಾ ಡಿಶ್‌ನ ಕೋಆಕ್ಸಿಯಲ್ ವೈರ್ ಮೇಲೆ ನನಗೆ ಮೊದಲ ಅನುಮಾನ. ಅದು ಹೊರಗೆಲ್ಲೋ ಬೇರೆ ಕಡೆ ಅರ್ತ್ ಆಗಿರುತ್ತದೆ, ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ಬರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪ್ಲಗ್‌ನ ಅರ್ತ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಅಂತ ಯಾರಾದರೂ ಹೇಳುತ್ತಾರೆ. ನಿಲ್ಲಬಹುದು. ಆದರೆ ಆಮೇಲೆ ಒಳಗೆ ಏನಾದರೂ ಕೆಟ್ಟರೆ ಆ ಲೋಹದ ಪೆಟ್ಟಿಗೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಅದು ಜೀವದ ವಿಷಯ, ದಯವಿಟ್ಟು ಮಾಡಬೇಡಿ.

ಹೊಸತಂತಿ:

ಸಿಕ್ಕಿತು! ನೀವು ಹೇಳಿದ್ದೇ. ಸೆಟ್ ಟಾಪ್ ಬಾಕ್ಸ್‌ನ ಕೋಆಕ್ಸಿಯಲ್ ವೈರ್ ತಿರುಗಿಸಿ ಕಿತ್ತ ತಕ್ಷಣ ಕೋಣೆಯೇ ನಿಶ್ಶಬ್ದ ಆಯಿತು. ಮತ್ತೆ ಹಾಕಿದರೆ ಗುಂಯ್. ಮೂರು ಸಲ ಮಾಡಿ ನೋಡಿದೆ. ಈಗ ಏನು ಮಾಡಲಿ, ಟಿವಿ ಬಿಡಲು ಆಗುವುದಿಲ್ಲ.

ಬೆಸುಗೆಕೈ:

ಕೇಬಲ್ ಟಿವಿ ಆದರೆ ಆ ವೈರ್‌ನ ನಡುವೆ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿ, ಟಿವಿ ಸಿಗ್ನಲ್ ಬಿಟ್ಟು ಗ್ರೌಂಡ್ ದಾರಿ ಮಾತ್ರ ಕಡಿಯುವ ಬೆರಳುದ್ದದ ಪುಟ್ಟ ಸಾಮಾನು. ಡಿಶ್ ಆದರೆ ಅದು ಆಗುವುದಿಲ್ಲ, ಯಾಕೆಂದರೆ ಅದೇ ವೈರ್‌ನಲ್ಲಿ ಬಾಕ್ಸ್ ಡಿಶ್‌ಗೆ ಡಿಸಿ ವೋಲ್ಟೇಜ್ ಕಳಿಸುತ್ತದೆ, ಐಸೊಲೇಟರ್ ಅದನ್ನು ತಡೆದುಬಿಡುತ್ತದೆ. ಆಗ ಪ್ರಿ ಔಟ್ ಮತ್ತು ಆಂಪ್ ನಡುವೆ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಅಗ್ಗದ ಟ್ರಾನ್ಸ್‌ಫಾರ್ಮರ್ ತಗ್ಗು ಸ್ವರ ತಿನ್ನುತ್ತದೆ, ಒಳ್ಳೇದನ್ನೇ ನೋಡಿ. ಜೊತೆಗೆ ಟಿವಿ, ರಿಸೀವರ್, ಆಂಪ್ ಮೂರನ್ನೂ ಒಂದೇ ಸಾಕೆಟ್ ಪಟ್ಟಿಯಿಂದ ತೆಗೆಯಿರಿ.

ಹೊಸತಂತಿ:

ಕೇಬಲ್ ಟಿವಿಯೇ. ಐಸೊಲೇಟರ್ ಹಾಕಿ ನಾಲ್ಕು ದಿನ ಆಯಿತು, ಚಿತ್ರಕ್ಕೂ ಏನೂ ಆಗಿಲ್ಲ, ಗುಂಯ್ ಪೂರ್ತಿ ಹೋಗಿದೆ.

ನಿನ್ನೆ ಮೈಕ್ ಇಟ್ಟು ಕ್ಯಾಲಿಬ್ರೇಶನ್ ಓಡಿಸಿದೆ. ಆಂಪ್ ನಾಬ್ 12 ಗಂಟೆಯಲ್ಲಿತ್ತು, ಫ್ರಂಟ್ −12 ಬಂತು. 10 ಗಂಟೆಗೆ ಇಳಿಸಿ ಮತ್ತೆ ಓಡಿಸಿದೆ, ಈಗ −4.5. ಚುಕ್ಕಿ ಇಟ್ಟೆ, ನೇಲ್ ಪಾಲಿಶ್‌ನಲ್ಲಿ. ಆದರೆ ಎಡ ಸರೌಂಡ್‌ಗೆ ಫೇಸ್ ಉಲ್ಟಾ (ಪ್ಲಸ್ ಮೈನಸ್ ಅದಲು ಬದಲು) ಅಂತ ತೋರಿಸುತ್ತಿದೆ.

ತಾಳಮೇಳ:

ರಿಸೀವರ್ ಕೆಲವೊಮ್ಮೆ ಸುಮ್ನೆ ಹಾಗೆ ಹೇಳುತ್ತದೆ, ಸ್ಪೀಕರ್ ಒಳಗಿನ ಕ್ರಾಸೋವರ್‌ನಿಂದಲೋ ಪಕ್ಕದ ಗೋಡೆಯಿಂದಲೋ. ಆದರೆ ನಿಮ್ಮದರಲ್ಲಿ ಪ್ಲಗ್ ಕತ್ತರಿಸಿ ತಂತಿ ಸೇರಿಸಿದ್ದೀರಿ, ಹಾಗಾಗಿ ಒಮ್ಮೆ ನೋಡಲೇಬೇಕು. ಆ ಎರಡು ಸ್ಪೀಕರ್‌ನ ಬಟ್ಟೆ ತೆಗೆಯಿರಿ. ರಿಸೀವರ್ ಕಡೆಯ ತುದಿ ಬಿಡಿಸಿ, 1.5 ವೋಲ್ಟ್‌ನ ಸಾಮಾನ್ಯ ಬ್ಯಾಟರಿಯ ಪ್ಲಸ್‌ಗೆ ನೀವು ಪ್ಲಸ್ ಅಂದುಕೊಂಡ ತಂತಿ, ಮೈನಸ್‌ಗೆ ಇನ್ನೊಂದು, ಒಂದು ಕ್ಷಣ ಮಾತ್ರ ಮುಟ್ಟಿಸಿ. ಎರಡೂ ಕೋನ್ ಹೊರಗೆ ಜಿಗಿಯಬೇಕು. ಒಂದು ಹೊರಗೆ ಒಂದು ಒಳಗೆ ಆದರೆ ನಡುವಿನ ಜೋಡಣೆ ತಪ್ಪಿದೆ, ಎರಡೂ ಒಳಗೆ ಹೋದರೆ ರಿಸೀವರ್ ಕಡೆ ಅದಲು ಬದಲಾಗಿದೆ.

ಹೊಸತಂತಿ:

ಎರಡೂ ಒಳಗೆ ಹೋದವು ಮೇಡಂ. ಗೆರೆ ಇರುವ ತಂತಿಯನ್ನು ಒಂದು ಕಡೆ ಪ್ಲಸ್ ಅಂತ, ಇನ್ನೊಂದು ಕಡೆ ಮೈನಸ್ ಅಂತ ಹಾಕಿದ್ದೆ. ಬದಲಾಯಿಸಿ ಮತ್ತೆ ಓಡಿಸಿದೆ, ಈಗ ದೂರು ಇಲ್ಲ.

ಹಿಂದೆ ಮಳೆ ಬರುವ ದೃಶ್ಯದಲ್ಲಿ ಎಡದಿಂದ ಬರೀ ಪೊಳ್ಳು ಸದ್ದು ಬರುತ್ತಿತ್ತು. ಈಗ ಮಳೆ ನನ್ನ ಸುತ್ತ ಬೀಳುತ್ತಿದೆ. ಅಮ್ಮ ಎದ್ದು ಹೋಗಿ ಕಿಟಕಿ ನೋಡಿ ಬಂದರು.

ಕೊನೆಯ ಪ್ರಶ್ನೆ, ಆನ್ ಮಾಡುವಾಗ ಟವರ್‌ನಲ್ಲಿ ಧಬ್ ಅಂತ ಒಂದು ಸದ್ದು ಬರುತ್ತದೆ. ಸ್ಪೀಕರ್‌ಗೆ ತೊಂದರೆಯಾ?

ನೇರಮಾತು:

ಮೊದಲು ರಿಸೀವರ್ ಆನ್ ಮಾಡಿ, ಒಂದು ಹತ್ತು ಸೆಕೆಂಡ್ ಬಿಟ್ಟು ಆಂಪ್. ಆಫ್ ಮಾಡುವಾಗ ಮೊದಲು ಆಂಪ್, ಆಮೇಲೆ ರಿಸೀವರ್. ರಿಸೀವರ್ ಎದ್ದೇಳುವಾಗ ಪ್ರಿ ಔಟ್‌ನಲ್ಲಿ ಬರುವ ಆ ಒದೆತವನ್ನು ಆಂಪ್ ದೊಡ್ಡದು ಮಾಡುತ್ತಿದೆ ಅಷ್ಟೆ. ಆಂಪ್‌ಗೆ 12 ವೋಲ್ಟ್ ಟ್ರಿಗರ್ ಇನ್ ಇದ್ದಿದ್ದರೆ ಒಂದು 3.5 ಮಿಲಿಮೀಟರ್ ಕೇಬಲ್‌ನಲ್ಲಿ ಇದು ತಾನೇ ನಡೆಯುತ್ತಿತ್ತು. ಹಳೇ ಇಂಟಿಗ್ರೇಟೆಡ್‌ನಲ್ಲಿ ಅದು ಇರುವುದು ಅಪರೂಪ.

ಹೊಸತಂತಿ:

ಟ್ರಿಗರ್ ಇಲ್ಲ. ಕ್ರಮ ಬದಲಾಯಿಸಿದೆ, ಧಬ್ ನಿಂತಿತು. ಆನ್ ಮಾಡುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಆಂಪ್ ಮೇಲೆ ಅಂಟಿಸಿದ್ದೇನೆ, ಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ. ಐದನೆಯ ಪುಟ್ಟ ಸ್ಪೀಕರ್ ಮಾತ್ರ ಉಳಿದಿದೆ.